ಒಂದಗುಳು ಸಾಕೇ?

ಕೆಲವು ವರ್ಷಗಳ ಹಿಂದೆ ಮಗಳ ಮನೆಗೆಂದು ಷಿಕಾಗೋಗೆ ಹೋಗಿದ್ದಾಗ ಒಂದು ಸಂಜೆ ಅಳಿಯನ ಗೆಳೆಯರ ಕೂಟದಲ್ಲಿ ಕುಳಿತುಕೊಳ್ಳುವ ಪ್ರಸಂಗ ಬಂತು. ಹೊರಗೆ ಹಿಮ ಬೀಳುತ್ತಿತ್ತು. ಮೇಜಿನ ಮೇಲೆ ಚಿಕ್ಕ ಚಿಕ್ಕ ಗಾಜಿನ ಲೋಟಗಳು. ಅವುಗಳಲ್ಲಿ ಎಣ್ಣೆಯಂತೆ ಮಂದವಾದ, ಕಾಡಿಗೆಯಂತೆ ಕಪ್ಪಾದ ಪಾನೀಯ. ಅದು ಕೂಡ ಬಿಯರ್ ಎಂದು ಹೇಳಿದಾಗ ನನಗೆ ನಂಬಿಕೆಯಾಗಲಿಲ್ಲ.

ಅದರ ಹೆಸರು ಸ್ಟೌಟ್. ಹುರಿದ ಧಾನ್ಯದಿಂದ ಕಪ್ಪು ಬಣ್ಣವನ್ನೂ ಕಹಿಯನ್ನೂ ಪಡೆಯುವ ಈ ಬಿಯರನ್ನು, ವಿಸ್ಕಿ ತುಂಬಿಟ್ಟು ಖಾಲಿ ಮಾಡಿದ ಓಕ್ ಮರದ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಇರಿಸುತ್ತಾರಂತೆ. ಅಮೆರಿಕದ ಬರ್ಬನ್ ವಿಸ್ಕಿಯನ್ನು ಒಳಮೈ ಸುಟ್ಟ ಹೊಸ ಪೀಪಾಯಿಯಲ್ಲಿಯೇ ಇಡಬೇಕೆಂಬುದು ಅಲ್ಲಿನ ಕಾನೂನು. ಹೀಗಾಗಿ ಒಮ್ಮೆ ಬಳಸಿದ ಪೀಪಾಯಿ ಬರ್ಬನ್‌ಗೆ ಮತ್ತೆ ಒದಗುವುದಿಲ್ಲ. 1990ರ ದಶಕದಲ್ಲಿ ಅದೇ ಷಿಕಾಗೋದ ಗೂಸ್ ಐಲೆಂಡ್ ಬ್ರೂವರಿಯವರು ಅಂಥ ಪೀಪಾಯಿಗಳಿಗೆ ಸ್ಟೌಟ್ ತುಂಬಿಸಿ ನೋಡಿದರು. ಆಮೇಲೆ ಅದೊಂದು ದೊಡ್ಡ ಹವ್ಯಾಸವಾಗಿ ಬೆಳೆಯಿತು. ಸಾಮಾನ್ಯ ಬಿಯರಿನಲ್ಲಿ ಆಲ್ಕೋಹಾಲ್ ಪ್ರಮಾಣ ಶೇಕಡ 5ರ ಆಸುಪಾಸು ಇದ್ದರೆ ಇದರಲ್ಲಿ ಶೇಕಡ 12ನ್ನೂ ಮೀರುವುದುಂಟು. ಮದ್ಯದ ರೂಢಿಯಿಲ್ಲದ ನಾನು ಲೋಟವನ್ನು ಮೂಗಿನ ಬಳಿ ಹಿಡಿದೆ. ಆಲೆಮನೆಯ ಕೊಪ್ಪರಿಗೆಯಲ್ಲಿ ತಳ ಹಿಡಿದ ಬೆಲ್ಲದ ಪಾಕ, ಹುರಿದ ಕಾಫಿ ಬೀಜ, ಸುಟ್ಟ ಕಟ್ಟಿಗೆ ಎಲ್ಲವೂ ಒಟ್ಟಿಗೆ ನೆನಪಾದವು. ನಾಲಿಗೆಗೆ ತಾಗುವಷ್ಟು ಒಂದು ಗುಟುಕು ಸವಿದು ಲೋಟವನ್ನು ಕೆಳಗಿಟ್ಟೆ.

ಗೆಳೆಯರ ನಡುವೆ ವಾದ ಎದ್ದದ್ದು ಅನಂತರ. ಒಂದೇ ಹೆಸರಿನ ಸ್ಟೌಟ್‌ನ ಎರಡು ಬಾಟಲಿಗಳು ಅಲ್ಲಿದ್ದವು. ಒಂದು ಆ ವರ್ಷದ್ದು, ಇನ್ನೊಂದು ಹಿಂದಿನ ವರ್ಷದ್ದು. ಹಳೆಯದೇ ಶ್ರೇಷ್ಠ, ಗುಟುಕಿನಲ್ಲಿಯೇ ಗೊತ್ತಾಗುತ್ತದೆ ಎಂದು ಬಹುಮಂದಿಯ ಪಟ್ಟು. ಧಾರವಾಡದಲ್ಲಿ ಜೀವಮಾನವಿಡೀ ಸಂಖ್ಯಾಶಾಸ್ತ್ರ ಬೋಧಿಸಿದವನಿಗೆ ಸುಮ್ಮನಿರಲು ಸಾಧ್ಯವೇ? ನಾನೊಂದು ಪರೀಕ್ಷೆ ಸೂಚಿಸಿದೆ. ಪ್ರತಿಯೊಬ್ಬರಿಗೂ ಮೂರು ಲೋಟ. ಎರಡರಲ್ಲಿ ಒಂದೇ ಬಾಟಲಿಯದು, ಒಂದರಲ್ಲಿ ಬೇರೆಯದು. ಬೇರೆಯದು ಯಾವುದೆಂದು ಹೇಳಬೇಕು. ಇದು ನನ್ನ ಕಲ್ಪನೆಯಲ್ಲ. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಬ್ರೂವರಿಯಲ್ಲಿ 1940ರ ದಶಕದಲ್ಲಿ ರೂಪುಗೊಂಡ ವಿಧಾನ. ಆರು ಜನ ಸವಿದರು. ಸರಿಯಾಗಿ ಹೇಳಿದವರು ಇಬ್ಬರು. ಕಣ್ಣು ಮುಚ್ಚಿ ಯಾವುದೋ ಒಂದು ಲೋಟವನ್ನು ತೋರಿಸಿದ್ದರೂ ಸರಾಸರಿ ಆರರಲ್ಲಿ ಇಬ್ಬರ ಉತ್ತರ ಸರಿಯಾಗುತ್ತದೆ. ಎಲ್ಲರೂ ನಕ್ಕರು. ಆದರೆ ನಾನು ಇನ್ನೊಂದು ಮಾತನ್ನೂ ಸೇರಿಸಬೇಕಾಯಿತು: ಆರೇ ಜನರ ಈ ಒಂದು ಸುತ್ತಿನಿಂದ ಎರಡರ ನಡುವೆ ವ್ಯತ್ಯಾಸವೇ ಇಲ್ಲವೆಂದು ಸಾರುವುದೂ ತಪ್ಪು.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕು ಎಂಬ ಮಾತನ್ನು ನಾವೆಲ್ಲ ಕೇಳಿ ಬೆಳೆದವರು. ಪಾತ್ರೆಯೊಳಗೆ ನೀರು ಕುದಿದು ಎಲ್ಲ ಅಗುಳುಗಳಿಗೂ ಒಂದೇ ಬಿಸಿ ಮುಟ್ಟಿಸುವುದರಿಂದ ಅಲ್ಲಿ ಒಂದಗುಳಿನ ಸಾಕ್ಷ್ಯ ನಡೆಯುತ್ತದೆ. ಪೀಪಾಯಿಗಳ ಸಂಗತಿ ಹಾಗಲ್ಲ. ಒಂದೇ ದಿನ ಒಂದೇ ಸ್ಟೌಟ್ ತುಂಬಿದ ಎರಡು ಪೀಪಾಯಿಗಳು ಎರಡು ರುಚಿ ಪಡೆಯುತ್ತವೆ. ಆದ್ದರಿಂದ ಕಸುಬು ಬಲ್ಲವರು ಪ್ರತಿ ಪೀಪಾಯಿಯನ್ನೂ ಸವಿದು, ಹುಳಿ ತಿರುಗಿದ್ದನ್ನು ಚೆಲ್ಲಿ, ಉಳಿದದ್ದನ್ನು ಬೆರೆಸುತ್ತಾರೆ. ಹೊಲಗಳೂ ಹಾಗೆಯೇ. ನವಲಗುಂದದ ಎರೆ ಭೂಮಿಗೂ ಕಲಘಟಗಿಯ ಕೆಂಪು ಮಣ್ಣಿಗೂ ಒಂದಗುಳಿನ ನ್ಯಾಯ ಅನ್ವಯಿಸದು. ಹಾಗಾದರೆ ಎಷ್ಟು ಅಗುಳು ನೋಡಬೇಕು? ನಾಲ್ಕನ್ನು ಮಾತ್ರ ನೋಡಲು ಸಾಧ್ಯವಿದ್ದಾಗ ಎಷ್ಟರ ಮಟ್ಟಿಗೆ ನಂಬಬೇಕು? ಈ ಪ್ರಶ್ನೆಗೆ ಮೊದಲ ಬಾರಿಗೆ ಲೆಕ್ಕದ ಉತ್ತರ ಕೊಟ್ಟವನು ಸ್ಟೌಟ್ ತಯಾರಿಸುವ ಒಬ್ಬ ಬ್ರೂವರ್ ಆಗಿದ್ದ. ಜಗತ್ತು ಅವನನ್ನು ‘ಸ್ಟೂಡೆಂಟ್’ ಎಂಬ ಹೆಸರಿನಿಂದ ಬಲ್ಲದು. ನಿಜನಾಮ ವಿಲಿಯಂ ಸೀಲಿ ಗೊಸೆಟ್.

ಧಾರವಾಡದವನೊಬ್ಬ ಮದ್ಯದ ಕಾರ್ಖಾನೆಯವನ ಜೀವನಕಥೆ ಹೇಳಹೊರಟಾಗ ತುಸು ಸಂಕೋಚವಾಗುವುದು ಸಹಜ. 1921ರ ಜುಲೈ 1ರಂದು ಹೆಂಡದಂಗಡಿಯ ಮುಂದೆ ಪಿಕೆಟಿಂಗ್ ನಡೆದಾಗ ಪೊಲೀಸರು ಗುಂಡು ಹಾರಿಸಿ ಮೂವರು ಪ್ರಾಣ ತೆತ್ತ ಊರಿದು. ಆ ನೆನಪಿಗೆ ತಲೆಬಾಗಿಯೇ ಹೇಳುತ್ತೇನೆ: ನಾನಿಲ್ಲಿ ಬರೆಯುತ್ತಿರುವುದು ಕುಡಿತದ ಪರವಾಗಿಯಲ್ಲ. ಸ್ಟೌಟ್‌ನ ಪೀಪಾಯಿಯಿಂದ ಹೊರಟ ಲೆಕ್ಕವೊಂದು ನಮ್ಮ ಹತ್ತಿಯ ಹೊಲದವರೆಗೆ ಬಂದ ಬಗೆ ನಮಗೆ ತಿಳಿದಿರಬೇಕು ಎಂಬುದಷ್ಟೇ ಉದ್ದೇಶ.

ಗೊಸೆಟ್ ಹುಟ್ಟಿದ್ದು 1876ರ ಜೂನ್ 13ರಂದು, ಇಂಗ್ಲೆಂಡಿನ ಕ್ಯಾಂಟರ್‌ಬರಿಯಲ್ಲಿ. ತಂದೆ ಸೇನೆಯ ಎಂಜಿನಿಯರಿಂಗ್ ದಳದಲ್ಲಿ ಕರ್ನಲ್. ಹಿರಿಯ ಮಗನೂ ಅದೇ ದಾರಿ ಹಿಡಿಯಬೇಕಿತ್ತು. ಆದರೆ ದೃಷ್ಟಿ ಮಂದವಾಗಿದ್ದುದರಿಂದ ಸೇನೆಯ ಬಾಗಿಲು ಮುಚ್ಚಿತು. ಆತ ಆಕ್ಸ್‌ಫರ್ಡ್‌ನ ನ್ಯೂ ಕಾಲೇಜಿಗೆ ಸೇರಿ ಮೊದಲು ಗಣಿತದಲ್ಲಿ, 1899ರಲ್ಲಿ ರಸಾಯನಶಾಸ್ತ್ರದಲ್ಲಿ ಪ್ರಥಮ ದರ್ಜೆ ಗಳಿಸಿದ. ಅದೇ ವರ್ಷ ಐರ್ಲೆಂಡಿನ ಡಬ್ಲಿನ್ ನಗರದ ಗಿನ್ನೆಸ್ ಬ್ರೂವರಿಯಲ್ಲಿ ಕೆಲಸಕ್ಕೆ ಸೇರಿದ. ಆಗ ಅವನಿಗೆ 23 ವರ್ಷ. ಆಮೇಲೆ ಸಾಯುವವರೆಗೂ ಬೇರೆ ಸಂಸ್ಥೆಯ ಸಂಬಳ ಪಡೆಯಲಿಲ್ಲ.

ಗಿನ್ನೆಸ್ ಎಂದರೆ ಅಂದಿಗೆ ಜಗತ್ತಿನ ಅತಿ ದೊಡ್ಡ ಬ್ರೂವರಿ. 1759ರಲ್ಲಿ ಆರ್ಥರ್ ಗಿನ್ನೆಸ್ ಎಂಬಾತ ವರ್ಷಕ್ಕೆ 45 ಪೌಂಡ್ ಬಾಡಿಗೆಯಂತೆ 9,000 ವರ್ಷಗಳಿಗೆ ಜಾಗ ಗೇಣಿ ಪಡೆದು ಶುರು ಮಾಡಿದ ಉದ್ಯಮವದು. ಅಲ್ಲಿನ ಸರಕು ಬಹುಪಾಲು ಸ್ಟೌಟ್. ದೂರದೇಶಗಳಿಗೆ ಹಡಗಿನಲ್ಲಿ ಹೋಗಬೇಕಾದ ಬಲವಾದ ಸ್ಟೌಟನ್ನು ಓಕ್ ಮರದ ಭಾರೀ ತೊಟ್ಟಿಗಳಲ್ಲಿ ಹದಗೊಳಿಸಿ ಬೆರೆಸುತ್ತಿದ್ದರು. ಇಷ್ಟು ದೊಡ್ಡ ಪ್ರಮಾಣದಲ್ಲಿ ಪ್ರತಿ ಪೀಪಾಯಿಯೂ ಒಂದೇ ರುಚಿ, ಒಂದೇ ಬಲ ಹೊಂದಿರಬೇಕಾದರೆ ಹಳೆಯ ಕೆಲಸಗಾರರ ಮೂಗು, ನಾಲಿಗೆಗಳನ್ನಷ್ಟೇ ನೆಚ್ಚಿಕೊಂಡರೆ ಸಾಲದೆಂದು ಕಂಪನಿಗೆ ಮನವರಿಕೆಯಾಗಿತ್ತು. ಹೀಗಾಗಿ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಿಂದ ವಿಜ್ಞಾನ ಕಲಿತ ತರುಣರನ್ನು ಬ್ರೂವರ್‌ಗಳಾಗಿ ನೇಮಿಸಿಕೊಳ್ಳಲು ಆರಂಭಿಸಿತ್ತು. ಗೊಸೆಟ್ ಅಂಥವರಲ್ಲೊಬ್ಬ.

ಆ ತರುಣರ ಮುಂದಿದ್ದ ತೊಡಕು ಇಷ್ಟು. ಬಾರ್ಲಿಯ ಸತ್ವ, ಮಾಲ್ಟ್‌ನಿಂದ ಸಿಗುವ ಸಕ್ಕರೆಯ ಪ್ರಮಾಣ, ಕಹಿ ಕೊಡುವ ಹಾಪ್ಸ್ ಹೂವಿನ ರಾಳ ಎಲ್ಲವನ್ನೂ ಪ್ರಯೋಗಾಲಯದಲ್ಲಿ ಅಳೆಯಬಹುದು. ಆದರೆ ಪ್ರತಿಯೊಂದು ಅಳತೆಗೂ ಸಮಯ, ಹಣ ಬೇಕು. ಎರಡೋ ನಾಲ್ಕೋ ಅಳತೆ ಮಾಡಬಹುದೇ ಹೊರತು ಸಾವಿರವಲ್ಲ. ಅಂದಿನ ಸಂಖ್ಯಾಶಾಸ್ತ್ರದ ಬಳಿಯಿದ್ದ ಗಂಟೆಯಾಕಾರದ ವಕ್ರರೇಖೆ ದೊಡ್ಡ ಮಾದರಿಗಳಿಗೆ ಹೇಳಿ ಮಾಡಿಸಿದ್ದು. ಸಾವಿರ ಅಳತೆಗಳಿದ್ದರೆ ಅವುಗಳ ಏರಿಳಿತ ಎಷ್ಟೆಂಬುದು ಬಹುಮಟ್ಟಿಗೆ ಖಚಿತವಾಗಿ ತಿಳಿಯುತ್ತದೆ. ನಾಲ್ಕೇ ಅಳತೆಗಳಿದ್ದಾಗ ಆ ಏರಿಳಿತದ ಅಂದಾಜೇ ಅನುಮಾನಾಸ್ಪದ. ಅಳೆಯುವ ಗಜಕಡ್ಡಿಯೇ ಹಿಗ್ಗಿ ಕುಗ್ಗುತ್ತಿದ್ದರೆ ಬಟ್ಟೆಯ ಉದ್ದವನ್ನು ಹೇಗೆ ನಂಬುವುದು?

1904ರಲ್ಲಿ ಗೊಸೆಟ್ ಕಂಪನಿಯ ಒಳಬಳಕೆಗಾಗಿ ಒಂದು ವರದಿ ಬರೆದ. ದೋಷಗಳ ನಿಯಮವನ್ನು ಬ್ರೂವರಿಯ ಕೆಲಸಕ್ಕೆ ಹೇಗೆ ಬಳಸಬಹುದೆಂಬುದು ಅದರ ವಸ್ತು. ಮಾಲ್ಟ್‌ನ ಸತ್ವ ನಿಗದಿತ ಮಟ್ಟದಿಂದ ಅತ್ತಿತ್ತ ಅರ್ಧ ಡಿಗ್ರಿಗಿಂತ ಹೆಚ್ಚು ಸರಿಯಬಾರದೆಂದರೆ, ಹತ್ತಕ್ಕೊಂದರ ಭರವಸೆ ಬೇಕೆಂದರೆ, ಕನಿಷ್ಠ ನಾಲ್ಕು ಬಾರಿ ಅಳೆಯಬೇಕೆಂದು ಆತ ಲೆಕ್ಕ ಹಾಕಿದ್ದ. ಈ ಲೆಕ್ಕದ ಮನೋಧರ್ಮವನ್ನು ಗಮನಿಸಬೇಕು. ಸತ್ಯ ಯಾವುದೆಂದು ಆತ ಕೇಳಲಿಲ್ಲ. ಎಷ್ಟು ಭರವಸೆ ನಮ್ಮ ಕೆಲಸಕ್ಕೆ ಸಾಕು, ಅದಕ್ಕೆ ಎಷ್ಟು ಖರ್ಚಾಗುತ್ತದೆ, ತಪ್ಪಿದರೆ ಎಷ್ಟು ನಷ್ಟವಾಗುತ್ತದೆ ಎಂದು ಕೇಳಿದ. ಇದು ವ್ಯಾಪಾರಿಯ ಪ್ರಶ್ನೆ. ರೈತನ ಪ್ರಶ್ನೆಯೂ ಹೌದು.

ತನ್ನ ಗಣಿತ ಸಾಲದೆಂದು ಅರಿತಿದ್ದ ಗೊಸೆಟ್ ಗುರುವನ್ನು ಅರಸಿದ. 1905ರ ಜುಲೈ ತಿಂಗಳಲ್ಲಿ, ರಜೆಯ ದಿನಗಳಲ್ಲಿ, ಸೈಕಲ್ ತುಳಿದು ಬರ್ಕ್‌ಷೈರ್‌ನ ಹಳ್ಳಿಯೊಂದರಲ್ಲಿ ಬೇಸಿಗೆ ಕಳೆಯುತ್ತಿದ್ದ ಕಾರ್ಲ್ ಪಿಯರ್ಸನ್‌ರನ್ನು ಕಂಡ. ಪಿಯರ್ಸನ್ ಆ ಕಾಲದ ಸಂಖ್ಯಾಶಾಸ್ತ್ರದ ಅಧಿಪತಿ. ಮರುವರ್ಷ ಕಂಪನಿ ಅವನನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಪಿಯರ್ಸನ್ ಪ್ರಯೋಗಾಲಯಕ್ಕೆ ಕಳಿಸಿತು. 1906ರಲ್ಲೇ ಆತನ ಮದುವೆಯೂ ಆಯಿತು. ಪತ್ನಿ ಮಾರ್ಜರಿ ಇಂಗ್ಲೆಂಡಿನ ಮಹಿಳಾ ಹಾಕಿ ತಂಡದ ನಾಯಕಿಯಾಗಿದ್ದವಳು.

ಲಂಡನ್ನಿನ ವಾಸದ ಫಲ ಎರಡು. 1907ರ ಲೇಖನ ಯೀಸ್ಟ್ ಕಣಗಳನ್ನು ಎಣಿಸುವುದರ ಕುರಿತಾದದ್ದು. ಬಿಯರ್ ಹುಳಿಯಲು ಯೀಸ್ಟ್ ಬೇಕು. ಕಡಿಮೆಯಾದರೂ ಕೆಡುಕು, ಹೆಚ್ಚಾದರೂ ಕೆಡುಕು. ಸೂಕ್ಷ್ಮದರ್ಶಕದಡಿ ಒಂದು ಹನಿಯಲ್ಲಿ ಕಾಣುವ ಕಣಗಳ ಎಣಿಕೆಯಿಂದ ಇಡೀ ತೊಟ್ಟಿಯ ಯೀಸ್ಟ್ ಎಷ್ಟೆಂದು ಹೇಳುವಾಗ ಎಷ್ಟು ತಪ್ಪಬಹುದೆಂಬುದನ್ನು ಆತ ತೋರಿಸಿದ. ಎರಡನೆಯದು 1908ರ ಮಾರ್ಚ್‌ನಲ್ಲಿ ಪಿಯರ್ಸನ್‌ರ ‘ಬಯೋಮೆಟ್ರಿಕಾ’ ಪತ್ರಿಕೆಯಲ್ಲಿ ಬಂದದ್ದು. ನಾಲ್ಕೈದು ಅಳತೆಗಳ ಸರಾಸರಿಯನ್ನು ಎಷ್ಟು ನಂಬಬಹುದೆಂಬ ಪ್ರಶ್ನೆಗೆ ಅದರಲ್ಲಿ ಹೊಸ ವಕ್ರರೇಖೆಯೊಂದರ ಉತ್ತರವಿತ್ತು. ಅದೂ ಗಂಟೆಯಾಕಾರದ್ದೇ, ಆದರೆ ಅಂಚುಗಳು ದಪ್ಪ. ಅರ್ಥಾತ್, ಮಾದರಿ ಚಿಕ್ಕದಿದ್ದಾಗ ವಿಪರೀತಗಳು ನಾವೆಣಿಸಿದ್ದಕ್ಕಿಂತ ಹೆಚ್ಚು ಬಾರಿ ಬರುತ್ತವೆ. ಅಷ್ಟರಮಟ್ಟಿಗೆ ನಮ್ಮ ನಂಬಿಕೆಯನ್ನು ತಗ್ಗಿಸಿಕೊಳ್ಳಬೇಕು. ಅಳತೆಗಳು ಹೆಚ್ಚಿದಂತೆಲ್ಲ ಅಂಚು ತೆಳುವಾಗಿ ಹಳೆಯ ರೇಖೆಯೊಡನೆ ಒಂದಾಗುತ್ತದೆ.

ಈ ರೇಖೆಯನ್ನು ಆತ ಪರೀಕ್ಷಿಸಿದ ರೀತಿ ನನಗೆ ಇಂದಿಗೂ ಸೋಜಿಗ. ಮೂರು ಸಾವಿರ ಕೈದಿಗಳ ಎತ್ತರ ಮತ್ತು ಎಡಗೈಯ ನಡುಬೆರಳಿನ ಉದ್ದ ಅಳೆದ ಅಂಕಿಗಳು ಬೇರೊಂದು ಅಧ್ಯಯನದಲ್ಲಿ ಪ್ರಕಟವಾಗಿದ್ದವು. ಗೊಸೆಟ್ ಅವನ್ನು 3,000 ರಟ್ಟಿನ ಚೀಟಿಗಳ ಮೇಲೆ ಬರೆದು, ಇಸ್ಪೀಟಿನ ಎಲೆಗಳಂತೆ ಚೆನ್ನಾಗಿ ಕಲೆಸಿ, ನಾಲ್ಕು ನಾಲ್ಕರಂತೆ 750 ಗುಂಪು ಮಾಡಿ, ಪ್ರತಿ ಗುಂಪಿನ ಸರಾಸರಿಯನ್ನು ಲೆಕ್ಕ ಹಾಕಿದ. ಇಂದು ಗಣಕಯಂತ್ರ ಕಣ್ಣೆವೆ ಇಕ್ಕುವುದರೊಳಗೆ ಮಾಡುವ ಕೆಲಸವನ್ನು ಆತ ಕೈಯಾರೆ ಮಾಡಿದ. ಲೆಕ್ಕವೂ ಚೀಟಿಗಳೂ ತಾಳೆಯಾದವು.

ಲೇಖನದ ಕೆಳಗೆ ಗೊಸೆಟ್‌ನ ಹೆಸರಿರಲಿಲ್ಲ. ಹಿಂದೊಮ್ಮೆ ನೌಕರನೊಬ್ಬನ ಬರಹದಿಂದ ವ್ಯಾಪಾರದ ಗುಟ್ಟು ಹೊರಬಿತ್ತೆಂಬ ಕಾರಣಕ್ಕೆ ಗಿನ್ನೆಸ್ ತನ್ನವರಿಗೆ ಪ್ರಕಟಣೆಯನ್ನು ನಿಷೇಧಿಸಿತ್ತು ಎನ್ನುತ್ತಾರೆ. ಕೊನೆಗೆ ಗುಪ್ತನಾಮದಲ್ಲಿ ಬರೆಯಲು ಒಪ್ಪಿಗೆ ದೊರೆಯಿತು. ಆತ ಆಯ್ದುಕೊಂಡದ್ದು ವಿದ್ಯಾರ್ಥಿ ಎಂಬ ಅರ್ಥದ ಹೆಸರನ್ನು. ತರಗತಿಯಲ್ಲಿ ಮೊದಲ ಬಾರಿ ‘ಸ್ಟೂಡೆಂಟ್ಸ್ ಟಿ’ ಎಂಬ ಹೆಸರು ಕೇಳಿದಾಗ ಇದು ವಿದ್ಯಾರ್ಥಿಗಳಿಗೆಂದೇ ಸುಲಭಗೊಳಿಸಿದ ಸೂತ್ರವಿರಬೇಕು, ದೊಡ್ಡವರಿಗೆ ಬೇರೆ ಇದ್ದೀತು ಎಂದು ನಾನು ಭಾವಿಸಿದ್ದೆ. ಮುಂದೆ ನಾನೇ ಹಲಗೆಯ ಮುಂದೆ ನಿಂತಾಗ ಅದೇ ತಪ್ಪು ತಿಳಿವಳಿಕೆಯನ್ನು ಹೊಸ ಹುಡುಗರ ಮುಖದಲ್ಲಿ ವರ್ಷ ವರ್ಷವೂ ಕಂಡಿದ್ದೇನೆ. ಆದರೂ ಆ ಮನುಷ್ಯನ ಕಥೆಯನ್ನು ಅವರಿಗೆ ಹೇಳಲಿಲ್ಲ. ಪಠ್ಯಕ್ರಮ ಮುಗಿಸುವ ಅವಸರದಲ್ಲಿ ಸೂತ್ರವನ್ನಷ್ಟೇ ದಾಟಿಸಿದೆ. ಅದರ ಬೆಲೆ ಏನೆಂಬುದನ್ನು ಮುಂದೆ ಹೇಳುತ್ತೇನೆ.

1908ರ ಲೇಖನವನ್ನು ಅಂದು ಗಮನಿಸಿದವರು ಕಡಿಮೆ. ದೊಡ್ಡ ಮಾದರಿಗಳಲ್ಲೇ ಮುಳುಗಿದ್ದ ಪಿಯರ್ಸನ್‌ರಿಗೂ ಅದು ಮಹತ್ವದ್ದೆನಿಸಲಿಲ್ಲ. 1912ರಲ್ಲಿ ಕೇಂಬ್ರಿಜ್‌ನ ತರುಣನೊಬ್ಬ ಅದರ ಸಂಪೂರ್ಣ ಸಾಧನೆಯನ್ನು ಜ್ಯಾಮಿತಿಯ ಮೂಲಕ ಬಿಡಿಸಿ ಗೊಸೆಟ್‌ಗೆ ಕಳಿಸಿದ. ಆತ ರೊನಾಲ್ಡ್ ಫಿಷರ್. ಹಲವು ಆಯಾಮಗಳ ಆ ಜ್ಯಾಮಿತಿ ತನಗೆ ಅರ್ಥವಾಗಲಿಲ್ಲವೆಂದು ಗೊಸೆಟ್ ನಿಸ್ಸಂಕೋಚವಾಗಿ ಒಪ್ಪಿಕೊಂಡು ಅದನ್ನು ಪಿಯರ್ಸನ್‌ರಿಗೆ ರವಾನಿಸಿದ. 1925ರಲ್ಲಿ ಫಿಷರ್ ತನ್ನ ಪ್ರಸಿದ್ಧ ಕೈಪಿಡಿಯಲ್ಲಿ ಅದಕ್ಕೆ ‘ಟಿ’ ಎಂಬ ರೂಪ ಕೊಟ್ಟು ಜಗತ್ತಿಗೆಲ್ಲ ಹರಡಿದ. ಹಾಲು ಮೊದಲೋ ಚಹಾ ಮೊದಲೋ ಎಂದು ರುಚಿಯಿಂದಲೇ ಹೇಳಬಲ್ಲೆನೆಂದ ಮಹಿಳೆಯ ಮುಂದೆ ಎಂಟು ಬಟ್ಟಲುಗಳನ್ನಿಡುವ ಪರೀಕ್ಷೆಯನ್ನು 1935ರ ಪುಸ್ತಕದಲ್ಲಿ ಬರೆದವನೂ ಇದೇ ಫಿಷರ್. ಷಿಕಾಗೋದ ಆ ಸಂಜೆಯ ಮೂರು ಲೋಟಗಳು ಅದೇ ವಂಶದ ಕೂಸು.

ಪಿಯರ್ಸನ್ ಮತ್ತು ಫಿಷರ್ ಬದ್ಧವೈರಿಗಳಾದರು. ಇಬ್ಬರೊಂದಿಗೂ ಕೊನೆಯವರೆಗೆ ಸ್ನೇಹ ಉಳಿಸಿಕೊಂಡವನು ಗೊಸೆಟ್. ಹೆಸರು ತನಗೇ ಸಲ್ಲಬೇಕೆಂಬ ಹಂಬಲ ಅವನಲ್ಲಿ ಇರಲಿಲ್ಲ. ಮನೆಯಲ್ಲಿ ಆತ ಬಡಗಿ. ದೋಣಿ ಕಟ್ಟುತ್ತಿದ್ದ, ಮೀನು ಹಿಡಿಯುತ್ತಿದ್ದ, ಹಣ್ಣಿನ ಗಿಡ ಬೆಳೆಸುತ್ತಿದ್ದ. ಹಗಲು ಬ್ರೂವರಿಯ ಕೆಲಸ. ಸಂಖ್ಯಾಶಾಸ್ತ್ರ ಬಿಡುವಿನ ಹೊತ್ತಿನದು. 1914ರಲ್ಲಿ ಯುದ್ಧ ಬಂದಾಗ ಮತ್ತೆ ಸೇನೆ ಸೇರಲು ಯತ್ನಿಸಿದ. ಮತ್ತೆ ಕಣ್ಣು ಅಡ್ಡಬಂತು.

ಆದರೆ ಒಂದು ವಿಷಯದಲ್ಲಿ ಆತ ಫಿಷರ್‌ಗೂ ಮಣಿಯಲಿಲ್ಲ. ಅದು ಹೊಲದ ವಿಷಯ. ಒಳ್ಳೆಯ ಸ್ಟೌಟ್‌ಗೆ ಒಳ್ಳೆಯ ಬಾರ್ಲಿ ಬೇಕು. ಆದ್ದರಿಂದ ಐರ್ಲೆಂಡಿನ ಕೃಷಿ ಇಲಾಖೆಯೂ ಗಿನ್ನೆಸ್ ಕಂಪನಿಯೂ ಕೂಡಿ ದೇಶದ ಹಲವು ಕಡೆ ರೈತರ ಹೊಲಗಳಲ್ಲಿ ಬಾರ್ಲಿ ತಳಿಗಳನ್ನು ಅಕ್ಕಪಕ್ಕ ಬೆಳೆದು ಹೋಲಿಸುತ್ತಿದ್ದವು. ಗೊಸೆಟ್ ಆ ಅಂಕಿಗಳನ್ನು ಹಲವು ವರ್ಷ ಕಾಲ ವಿಶ್ಲೇಷಿಸಿದ. ಯಾವ ತಾಕಿಗೆ ಯಾವ ತಳಿ ಎಂಬುದನ್ನು ಚೀಟಿ ಎತ್ತಿಯೇ ನಿರ್ಧರಿಸಬೇಕು ಎಂಬುದು ಫಿಷರ್ ವಾದ. ಹೊಲದ ಇಳಿಜಾರು, ಮಣ್ಣಿನ ಬದಲಾವಣೆ ಕಣ್ಣಿಗೆ ಕಾಣುತ್ತಿರುವಾಗ ಅದನ್ನು ಸರಿದೂಗಿಸುವಂತೆ ತಾಕುಗಳನ್ನು ಜೋಡಿಸುವುದೇ ಜಾಣತನ ಎಂಬುದು ಗೊಸೆಟ್ ನಿಲುವು. ಈ ವಾದದಲ್ಲಿ ಇಂದಿನ ಶಾಸ್ತ್ರ ಬಹುಮಟ್ಟಿಗೆ ಫಿಷರ್ ಕಡೆಗಿದೆ. ಆದರೆ ಗೊಸೆಟ್‌ನ ಇನ್ನೊಂದು ಮಾತು ಅದಕ್ಕಿಂತ ದೊಡ್ಡದು. ಅಂಕಿಗಳು ಮಹತ್ವದ ವ್ಯತ್ಯಾಸ ತೋರಿಸಿದವು ಎಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹಲವು ಕಡೆ, ಹಲವು ವರ್ಷ ಪ್ರಯೋಗ ಮರುಕಳಿಸಬೇಕು, ರೈತನಿಗೆ ಆಗುವ ನಿಜವಾದ ಲಾಭನಷ್ಟವೇ ಕೊನೆಯ ಅಳತೆ ಎಂಬುದು ಅವನ ನಂಬಿಕೆ.

ಆತ ದಾಖಲಿಸಿದ ಒಂದು ಪ್ರಸಂಗ ಇದನ್ನು ಸ್ಪಷ್ಟಪಡಿಸುತ್ತದೆ. ಸ್ಪ್ರಾಟ್-ಆರ್ಚರ್ ಎಂಬ ಹೊಸ ಬಾರ್ಲಿ ತಳಿ ಐರ್ಲೆಂಡಿನಾದ್ಯಂತ ಗೆದ್ದಿತು. ಒಂದು ಭಾಗದ ರೈತರು ಮಾತ್ರ ತಮ್ಮ ನಾಟಿ ಬಾರ್ಲಿಯೇ ಮೇಲೆಂದು ಹಟ ಹಿಡಿದರು. ಅವರ ತಪ್ಪನ್ನು ಅವರಿಗೇ ತೋರಿಸಲೆಂದು ಇಲಾಖೆಯವರು ಅಲ್ಲಿಯೇ ಎರಡನ್ನೂ ಅಕ್ಕಪಕ್ಕ ಬೆಳೆದು ನೋಡಿದಾಗ ಅವರಿಗೇ ಅಚ್ಚರಿ ಕಾದಿತ್ತು: ರೈತರ ಮಾತು ಪೂರ್ತಿ ನಿಜ. ಆ ಸೀಮೆಯಲ್ಲಿ ಕಳೆ ಹೆಚ್ಚು. ನಾಟಿ ಬಾರ್ಲಿ ಬೇಗ ಎದ್ದು ಕಳೆಯನ್ನು ಮುಚ್ಚಿಹಾಕುತ್ತಿತ್ತು. ನಿಧಾನವಾಗಿ ಏಳುವ ಹೊಸ ತಳಿಯನ್ನು ಕಳೆಯೇ ಮುಚ್ಚಿಹಾಕುತ್ತಿತ್ತು. ಕಳೆ ಕಿತ್ತು ಹಸನು ಮಾಡಿದ ಪ್ರಯೋಗ ಕ್ಷೇತ್ರದಲ್ಲಿ ಎಷ್ಟು ಬಾರಿ ಅಳೆದರೂ ಈ ಸಂಗತಿ ಹೊರಬೀಳುತ್ತಿರಲಿಲ್ಲ.

ಈ ಪ್ರಸಂಗವನ್ನು ನಾನು ಮೂವತ್ತು ವರ್ಷ ಮೊದಲೇ ಓದಿರಬೇಕಿತ್ತು. 1990ರ ದಶಕದ ಒಂದು ಮುಂಗಾರಿನಲ್ಲಿ ನವಲಗುಂದ ತಾಲ್ಲೂಕಿನಲ್ಲಿದ್ದ ನನ್ನ ಕಾಕಾ ಹೊಸದೊಂದು ಹತ್ತಿ ಬೀಜ ಹಾಕಬೇಕೆಂದು ಮನಸ್ಸು ಮಾಡಿ ನನ್ನನ್ನು ಕೇಳಿದರು. ಬೀಜ ಮಾರುವವರು ಒಬ್ಬ ರೈತನ ಹೊಲದಲ್ಲಿ ಕ್ಷೇತ್ರೋತ್ಸವ ಏರ್ಪಡಿಸಿದ್ದರು. ನಾನೂ ಜೊತೆಗೆ ಹೋದೆ. ಗಿಡಗಳು ಕಾಯಿಗಳಿಂದ ಬಾಗಿದ್ದವು. ಎಕರೆಗೆ ಇಷ್ಟು ಕ್ವಿಂಟಲ್ ಎಂದು ಫಲಕದ ಮೇಲೆ ಬರೆದಿದ್ದರು. ಆ ಹೊಲಕ್ಕೆ ಬಾವಿಯ ನೀರಿತ್ತು, ಕಾಕಾನ ಹೊಲ ಮಳೆಯನ್ನೇ ನಂಬಿದ್ದಾಗಿತ್ತು. ಮಕ್ಕಳಿಗೆ ಚಿಕ್ಕ ಮಾದರಿಗಳ ಅಪಾಯವನ್ನು ಹಲಗೆ ತುಂಬ ಬರೆದು ತೋರಿಸುವ ನಾನು ಒಂದೇ ಹೊಲ ನೋಡಿ ಹೂಂ ಅಂದುಬಿಟ್ಟೆ. ಕಾಕಾ ಇದ್ದ ಎಂಟೆಕರೆಗೂ ಅದನ್ನೇ ಬಿತ್ತಿದರು. ಆ ವರ್ಷ ಮಳೆ ನಡುವೆ ಕೈಕೊಟ್ಟಿತು; ಹಾಕಿದ ಖರ್ಚೂ ಬರಲಿಲ್ಲ. ಬೇಸಿಗೆಯಲ್ಲಿ ಎತ್ತಿನ ಜೋಡಿ ಸಂತೆಗೆ ಹೋಯಿತು. ಕಾಕಾ ನನ್ನನ್ನು ಒಂದು ದಿನವೂ ಆಕ್ಷೇಪಿಸಲಿಲ್ಲ. ಬೀಜ ಕೆಟ್ಟದ್ದೆಂದು ಇಂದಿಗೂ ನಾನು ಹೇಳಲಾರೆ. ಒಂದು ಹೊಲ, ಒಂದು ವರ್ಷದ ಸೋಲೂ ಒಂದಗುಳೇ ತಾನೆ? ಆದರೆ ಎಂಟರಲ್ಲಿ ಒಂದೆಕರೆಗೆ ಹಾಕಿ ನೋಡಿರಿ ಎಂದು ಹೇಳುವಷ್ಟು ವಿವೇಕ ನನ್ನಲ್ಲಿರಬೇಕಿತ್ತು. ಸೂತ್ರ ನನಗೆ ಗೊತ್ತಿತ್ತು. ಸೂತ್ರ ಯಾವ ಸಂಕಟದಿಂದ ಹುಟ್ಟಿತೆಂಬುದು ಗೊತ್ತಿರಲಿಲ್ಲ.

ಹಾಗೆಂದು ಹೊಸತನ್ನೆಲ್ಲ ದೂರವಿಡಬೇಕೆಂದಲ್ಲ. ಧಾರವಾಡದ ನೆಲವೇ ಇದಕ್ಕೆ ಸಾಕ್ಷಿ. ಇಲ್ಲಿ ಡಾ. ಬಿ.ಎಚ್. ಕಟರಕಿ ಅವರು ರೂಪಿಸಿದ ವರಲಕ್ಷ್ಮಿ ಹತ್ತಿ 1972ರಲ್ಲಿ ಬಿಡುಗಡೆಯಾಯಿತು. ಎರಡು ಬೇರೆ ಪ್ರಭೇದಗಳ ಹತ್ತಿಯನ್ನು ಕೂಡಿಸಿ ವಾಣಿಜ್ಯ ಬೆಳೆಗೆ ತಂದ ಮೊದಲ ಸಂಕರ ತಳಿಯದು. 1981ರಲ್ಲಿ ಜಯಲಕ್ಷ್ಮಿ ಎಂದು ಹೆಸರಾದ ಡಿಸಿಎಚ್-32 ಬಂತು. 1947ರಲ್ಲಿ ಶುರುವಾದ ಕೃಷಿ ಕಾಲೇಜು 1986ರಲ್ಲಿ ವಿಶ್ವವಿದ್ಯಾಲಯವಾಗಿ ಬೆಳೆಯಿತು. ತಾಕುಗಳನ್ನು ಗುರುತು ಹಾಕಿ, ಒಂದೇ ತಳಿಯನ್ನು ಹಲವೆಡೆ ಮರುಮರು ಬೆಳೆದು, ತೂಗಿ, ವ್ಯತ್ಯಾಸ ನಿಜವೋ ಆಕಸ್ಮಿಕವೋ ಎಂದು ಸೋಸಿ ನೋಡುವ ವಿಧಾನ ಕೃಷಿ ಸಂಶೋಧನೆಯ ಬೆನ್ನೆಲುಬು. ಅದರ ಮೂಲೆಯಲ್ಲೆಲ್ಲೋ ಡಬ್ಲಿನ್ನಿನ ಆ ಬ್ರೂವರ್ ಕುಳಿತಿದ್ದಾನೆ. ಅಮರಗೋಳದ ಮಾರುಕಟ್ಟೆಯಲ್ಲಿ ಅನುಭವಸ್ಥ ವ್ಯಾಪಾರಿ ಕೂಡ ಒಂದೇ ಚೀಲದ ಬಾಯಿ ಬಿಚ್ಚಿ ರಾಶಿಗೆಲ್ಲ ಬೆಲೆ ಕಟ್ಟುವುದಿಲ್ಲ. ನಡುವಿನ, ತಳದ ಚೀಲಗಳಿಗೂ ಕೈ ಹಾಕುತ್ತಾನೆ. ಗೊಸೆಟ್ ಆ ಕೈಗೆ ಗಣಿತ ಕೊಟ್ಟ.

1935ರಲ್ಲಿ ಗಿನ್ನೆಸ್ ಲಂಡನ್ನಿನ ಪಾರ್ಕ್ ರಾಯಲ್‌ನಲ್ಲಿ ಹೊಸ ಬ್ರೂವರಿ ಕಟ್ಟುತ್ತಿದ್ದಾಗ ಅದರ ಹೊಣೆ ಹೊರಲು ಗೊಸೆಟ್‌ನನ್ನು ಕಳಿಸಿತು. ಸುಮಾರು 36 ವರ್ಷಗಳ ಡಬ್ಲಿನ್ ವಾಸ ಮುಗಿಯಿತು. ಹೊಸ ಕಾರ್ಖಾನೆಯ ಕೆಲಸದೊತ್ತಡದ ನಡುವೆಯೂ ಹೊಲದ ತಾಕುಗಳ ಕುರಿತ ಫಿಷರ್‌ನೊಂದಿಗಿನ ವಾದಕ್ಕೆ ಉತ್ತರ ಬರೆಯುತ್ತಿದ್ದ. 1937ರಲ್ಲಿ ಕಂಪನಿಯ ಮುಖ್ಯ ಬ್ರೂವರ್ ಪದವಿ ಬಂತು. ಅದನ್ನು ಅನುಭವಿಸುವ ಕಾಲ ಮಾತ್ರ ಉಳಿದಿರಲಿಲ್ಲ. ಅದೇ ವರ್ಷದ ಅಕ್ಟೋಬರ್ 16ರಂದು, 61ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡ. ಕೊನೆಯ ಲೇಖನ ಸಾವಿನ ನಂತರ 1938ರಲ್ಲಿ ಪ್ರಕಟವಾಯಿತು. ಅದರ ಮೇಲೂ ಇದ್ದದ್ದು ‘ಸ್ಟೂಡೆಂಟ್’ ಎಂಬ ಹೆಸರೇ.

ನಮ್ಮ ಕಾಲ ಒಂದಗುಳಿನ ಕಾಲ. ಒಬ್ಬ ರೋಗಿ ಗುಣವಾದದ್ದನ್ನು ತೋರಿಸಿ ಔಷಧಿ ಮಾರುತ್ತಾರೆ. ಒಬ್ಬ ವಿದ್ಯಾರ್ಥಿಯ ಚಿತ್ರ ಹಾಕಿ ಟ್ಯೂಷನ್ ಕೇಂದ್ರದ ಜಾಹೀರಾತು ಬರುತ್ತದೆ. ಒಬ್ಬ ರೈತನ ಲಕ್ಷಾಂತರ ರೂಪಾಯಿ ಆದಾಯದ ಸುದ್ದಿ ನೋಡಿ ಊರೇ ಅದೇ ಬೆಳೆಗೆ ಮುಗಿಬೀಳುತ್ತದೆ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲದಿರಬಹುದು. ಆ ಒಂದು ಪೀಪಾಯಿಯ ರುಚಿ ನಿಜವಾಗಿಯೂ ಚೆನ್ನಾಗಿರಬಹುದು. ಉಳಿದ ಪೀಪಾಯಿಗಳನ್ನು ಸವಿದವರು ಯಾರು, ಹುಳಿ ತಿರುಗಿದವು ಎಷ್ಟು, ತಪ್ಪಿದರೆ ಯಾರ ಎತ್ತು ಸಂತೆಗೆ ಹೋಗುತ್ತದೆ ಎಂದು ಕೇಳುವ ಅಭ್ಯಾಸ ನಮಗಿರಬೇಕಷ್ಟೆ.

ಷಿಕಾಗೋದಿಂದ ಮರಳಿದ ಮೇಲೆ ಒಂದು ದಿನ ಊರಿಗೆ ಹೋಗಿ ಈ ಕಥೆಯನ್ನೆಲ್ಲ ಕಾಕಾನ ಮಗನಿಗೆ ಹೇಳಿದೆ. ಈಗ ಹೊಲ ನೋಡಿಕೊಳ್ಳುವವನು ಅವನೇ. ಆತ ನಕ್ಕು, ಬದುವಿನಾಚೆಯ ಮೂಲೆಯೊಂದನ್ನು ತೋರಿಸಿದ. ಅಲ್ಲಿ ನಾಲ್ಕು ಸಾಲು ಬೇರೆ ಬೀಜದ ಹತ್ತಿ ಇತ್ತು, ಪಕ್ಕದಲ್ಲಿ ನಾಲ್ಕು ಸಾಲು ಹಳೆಯದು, ಮತ್ತೆ ನಾಲ್ಕು ಸಾಲು ಹೊಸದು. ಮೂರು ವರ್ಷ ಹೀಗೆ ನೋಡಿದ ಮೇಲೆಯೇ ಉಳಿದ ಹೊಲಕ್ಕೆ ಹಾಕುವುದಂತೆ. ಇದನ್ನು ಯಾರು ಕಲಿಸಿದರೆಂದು ಕೇಳಿದೆ. ಆ ವರ್ಷದ ನಂತರ ಕಾಕಾ ತಾವಿರುವವರೆಗೂ ಹಾಗೆಯೇ ಬಿತ್ತುತ್ತಿದ್ದರಂತೆ.